ಬಂಡೂರು, ಕೆಂಗುರಿ, ಸುವರ್ಣ: ಒಂದೇ ಕೊಟ್ಟಿಗೆಯಲ್ಲಿ ಮೂರು ತಳಿಯ ಮರಿಗಳು

ಮಳವಳ್ಳಿ ಕಡೆಯವರಾದ ನಮಗೆ ಕುರಿ ಅಂದರೆ ಬಂಡೂರು. ಆ ಹೆಸರಿನ ಊರು ನಮ್ಮ ತಾಲ್ಲೂಕಿನಲ್ಲೇ ಇದೆ. ಆದರೆ ಮರಿ ಬೇಗ ಬೆಳೆಯಬೇಕು ಅನ್ನುವವರು ಬೇರೆ ತಳಿ ತರಿಸುತ್ತಿದ್ದಾರೆ. ನಾನೂ ಎರಡು ವರ್ಷ ಮೂರು ತಳಿ ಒಟ್ಟಿಗೆ ಸಾಕಿದೆ. ಮರಿಗಳನ್ನು ಹುಟ್ಟಿದ ದಿನ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ತೂಗಿ ಬರೆದಿಟ್ಟೆ.

ಬರೀ ತೂಕ ನೋಡಿದರೆ ಕೆಂಗುರಿಯೇ ಮುಂದೆ. ರಾಯಚೂರು, ಕೊಪ್ಪಳ ಕಡೆಯ ಕೆಂಪು ಕುರಿ, ದೊಡ್ಡ ಮೈ. ಮೂರು ತಿಂಗಳಿಗೆ ಗಂಡು ಮರಿ 14 ಕೆ.ಜಿ. ಹತ್ತಿರ ಬಂತು. ಬಂಡೂರು ಗಂಡು ಮರಿ 10 ದಾಟಲಿಲ್ಲ. ಇದು ರಕ್ತದಲ್ಲೇ ಬಂದ ವ್ಯತ್ಯಾಸ, ಒಪ್ಪಲೇಬೇಕು. ಆದರೆ ಕೆಂಗುರಿ ಒಣ ಸೀಮೆಯದು. ಜುಲೈನಲ್ಲಿ ಹುಟ್ಟಿದ ಮರಿಗಳು ಒದ್ದೆ ನೆಲದಲ್ಲಿ ಕೆಮ್ಮು, ಜಂತು ಹತ್ತಿಸಿಕೊಂಡು ಸೊರಗಿದವು. ಡಿಸೆಂಬರಿನ ಮರಿಗಳಿಗಿಂತ ಎರಡು ಕೆ.ಜಿ. ಕಡಿಮೆ ತೂಗಿದವು. ಎರಡೂ ಒಂದೇ ಟಗರಿನ ಮರಿಗಳು!

ನಾರಿ ಸುವರ್ಣದ ಕಥೆ ಬೇರೆ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಗರೋಲ್ ಕುರಿಯಿಂದ ಅವಳಿ ಹಾಕುವ ಜೀನನ್ನು ದಖ್ಖನಿ ಕುರಿಗೆ ತಂದು ಬೆಳೆಸಿದ ತಳಿ ಇದು. ಜೀನು ಎರಡು ಮರಿ ಕೊಡುತ್ತದೆ, ಆದರೆ ಎರಡು ಮರಿಗೆ ಸಾಕಾಗುವಷ್ಟು ಹಾಲು ಕೊಡಬೇಕಾದ್ದು ನಮ್ಮ ಮೇವು. ನಮ್ಮಲ್ಲಿ ಒಂದು ಜೋಡಿ ಹುಟ್ಟಿತ್ತು. ದೊಡ್ಡದು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು, ಬಾಲ ಒಂದೇ ಸಮ ಅಲ್ಲಾಡುತ್ತಿತ್ತು. ಸಣ್ಣದು ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ನಿಂತಿತ್ತು. ಬಾಯೊಳಗೆ ಬೆರಳಿಟ್ಟರೆ ತಣ್ಣಗೆ. ಹೊಟ್ಟೆ ಒಳಗೆ ಹೋಗಿತ್ತು. ಗಿಣ್ಣು ಹಾಲು ಸರಿಯಾಗಿ ಸಿಕ್ಕಿರಲಿಲ್ಲ. ತಾಯಿಯನ್ನು ಹಿಡಿದು ನಿಲ್ಲಿಸಿ ಕುಡಿಸಿದೆ, ಆಮೇಲೆ ಒಂದು ತಿಂಗಳು ಮೇಕೆ ಹಾಲಿನ ಬಾಟಲಿ. ಬದುಕಿತು. ಆದರೂ ಮೂರು ತಿಂಗಳಿಗೆ ಅದರಣ್ಣನಿಗಿಂತ ಎರಡೂವರೆ ಕೆ.ಜಿ. ಕಡಿಮೆ. ಹಾಗಂತ ಸುವರ್ಣ ಸೋತಿತು ಅನ್ನಬೇಡಿ. ಒಂದೊಂದು ಮರಿ ಸಣ್ಣದಾದರೂ, ಒಂದು ತಾಯಿಯಿಂದ ಬಂದ ಒಟ್ಟು ತೂಕದಲ್ಲಿ ಅದೇ ಮುಂದೆ. ಒಂಟಿ ಮರಿಯನ್ನು ಅವಳಿಯ ಪಕ್ಕ ನಿಲ್ಲಿಸಿ ತೂಗುವುದು ನ್ಯಾಯ ಅಲ್ಲ, ಅಲ್ವಾ?

ಬಂಡೂರು ನಿಧಾನ. ಆದರೆ ಗುಂಡಗೆ ಮೈ ತುಂಬಿಕೊಳ್ಳುತ್ತದೆ, ಮಾಂಸ ಮೆದು. ನಮ್ಮ ಕಡೆ ಗಿರಾಕಿಗಳು ಹೆಸರು ಹಿಡಿದು ಕೇಳುತ್ತಾರೆ, ಜಾಸ್ತಿ ಬೆಲೆಯನ್ನೂ ಕೊಡುತ್ತಾರೆ.

ಬಕ್ರೀದಿಗೆ ತೂಕದ ಮೇಲೆ ಮಾರುವವರು, ಒಣ ಜಾಗ ಇದ್ದರೆ ಕೆಂಗುರಿ ಹಿಡಿಯಿರಿ. ಮನೆಯಲ್ಲಿ ದಿನವಿಡೀ ನೋಡಿಕೊಳ್ಳುವವರು ಇದ್ದರೆ ಸುವರ್ಣ. ನಾನು ಬಂಡೂರನ್ನೇ ಉಳಿಸಿಕೊಂಡಿದ್ದೇನೆ, ಜೊತೆಗೆ ನಾಲ್ಕು ಸುವರ್ಣ ಹೆಣ್ಣು. ಮರಿ ಹೊಟ್ಟೆಯಲ್ಲಿ ಜಾಸ್ತಿ ಬೆಳೆಯುವುದು ಗಬ್ಬದ ಕೊನೆಯ ಆರು ವಾರದಲ್ಲಿ. ಈ ಸಲ ಆ ನಾಲ್ಕಕ್ಕೆ ಆಗಿನಿಂದಲೇ ಕುದುರೆ ಮೆಂತೆ, ಹಿಡಿ ಜೋಳದ ನುಚ್ಚು, ಹಿಂಡಿ ಶುರು ಮಾಡಿದ್ದೇನೆ. ಮೊದಲನೆಯದು ಇನ್ನು ಹತ್ತು ದಿನಕ್ಕೆ ಈಯಬೇಕು.