ಶಾಲಿಮಾರೋ, ನಿಶಾತೋ?

ಶ್ರೀನಗರದಲ್ಲಿ ಒಂದೇ ಮಧ್ಯಾಹ್ನ ಕೈಯಲ್ಲಿದ್ದರೆ ನಿಶಾತ್ ಬಾಗ್‌ಗೇ ಹೋಗಿ. ನೂರ್ ಜಹಾನಳ ಅಣ್ಣ ಆಸಫ್ ಖಾನ್ 1633ರಲ್ಲಿ ಮಾಡಿಸಿದ ತೋಟ ಇದು. ರಾಶಿಗೊಂದರಂತೆ 12 ಹಂತ ಅಂತ ಹೇಳುತ್ತಾರೆ. ಮೇಲಕ್ಕೆ ಹತ್ತಿ ತಿರುಗಿ ನೋಡಿದರೆ ಕಾಲುವೆ, ಕಾರಂಜಿ, ಅದರಾಚೆ ದಾಲ್ ಸರೋವರ. ಮಂಡಿನೋವು ಇದ್ದವರಿಗೆ ಮಾತ್ರ ಮೆಟ್ಟಿಲು ಜಾಸ್ತಿ.

ಶಾಲಿಮಾರ್‌ನಲ್ಲಿ ಏರು ಕಡಿಮೆ, ಹಿರಿಯರಿಗೆ ಆರಾಮ. 1619ರಲ್ಲಿ ಜಹಾಂಗೀರ್ ಶುರು ಮಾಡಿಸಿದ್ದು. ಸರೋವರದಿಂದ ಒಳಗಿರುವುದರಿಂದ ನಿಶಾತ್‌ನ ಆ ನೋಟ ಇಲ್ಲಿಲ್ಲ. ಆದರೆ ಕಟ್ಟಡದ ಕೆಲಸ ಇಷ್ಟಪಡುವವರು ಇದನ್ನು ಬಿಡಲೇಬೇಡಿ. ಮೇಲೆ ಶಾಹಜಹಾನ್ ಕಟ್ಟಿಸಿದ ಕಪ್ಪು ಕಲ್ಲಿನ ಮಂಟಪ ಇದೆ. ನೀರು ಧುಮುಕುವ ಕಡೆ, ಹಿಂದಿನ ಗೋಡೆಯಲ್ಲಿ ಸಾಲು ಸಾಲು ಪುಟ್ಟ ಗೂಡುಗಳು. ಹಗಲು ಅವುಗಳಲ್ಲಿ ಹೂವು ಇಡುತ್ತಿದ್ದರು, ರಾತ್ರಿ ದೀಪ. ಬೀಳುವ ನೀರಿನ ಹಿಂದೆ ಉರಿಯುವ ದೀಪ, ಎಂಥ ಕಲ್ಪನೆ ಅಲ್ವಾ!

ಎರಡೂ ತೋಟ ಹತ್ತಿರ ಹತ್ತಿರವೇ ಇವೆ. ಚಿನಾರ್ ಎಲೆ ಕೆಂಪಾಗುವ ಅಕ್ಟೋಬರ್ ಕೊನೆಯಲ್ಲಿ ಹೋಗುವವರು ಎರಡಕ್ಕೂ ಸಮಯ ಮಾಡಿಕೊಳ್ಳಿ. ಮೊದಲು ಶಾಲಿಮಾರ್ ಮುಗಿಸಿ. ನಿಶಾತ್ ಪಶ್ಚಿಮಕ್ಕೆ ಮುಖ ಮಾಡಿದೆ, ಅದನ್ನು ಸಂಜೆಗೆ ಇಟ್ಟುಕೊಳ್ಳಿ.