ಸೆನ್ಸರ್ ಕೊಳ್ಳುವ ಮೊದಲು: ಬ್ಲೂಟೂತ್ ಓಬಿಡಿ ರೀಡರ್, ದೀರ್ಘ ಬಳಕೆಯ ನಂತರ

ಎಂಜಿನ್ ಸೆನ್ಸರ್ ಬದಲಿಸುವ ಖರ್ಚು ಮೂರು ಕಡೆ ಹಂಚಿಹೋಗುತ್ತದೆ: ಬಿಡಿಭಾಗ, ಬಿಚ್ಚಿ ಕೂರಿಸುವ ಮಜೂರಿ, ದೋಷ ಎಲ್ಲಿದೆ ಎಂದು ಹುಡುಕುವ ಹೊತ್ತು. ಮೂರನೆಯದರಲ್ಲಿ ಉಳಿಸಲು ಹೋದವರು ಮೊದಲೆರಡಕ್ಕೂ ಎರಡೆರಡು ಸಲ ದುಡ್ಡು ತೆರುತ್ತಾರೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆ) ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಪುಟ್ಟ ರೀಡರ್ ತನ್ನ ಬೆಲೆ ತೀರಿಸುವುದು ಇಲ್ಲೇ. ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡನ್ನು ಬರೀ ಓದುವುದನ್ನು ಅತಿ ಅಗ್ಗದ ರೀಡರ್ ಕೂಡ ಮಾಡುತ್ತದೆ. ಇದನ್ನು ಇಟ್ಟುಕೊಳ್ಳಬೇಕಾದ್ದು ಲೈವ್ ಡೇಟಾಗೋಸ್ಕರ, ಅಂದರೆ ಸೆನ್ಸರುಗಳು ಆ ಕ್ಷಣ ಕೊಡುತ್ತಿರುವ ಅಂಕಿಗಳಿಗೋಸ್ಕರ.

ಯಾಕೆಂದರೆ ಕೋಡ್ ಸೆನ್ಸರ್ ಕೆಟ್ಟಿದೆ ಅಂತ ಹೇಳುವುದೇ ಇಲ್ಲ. ಪಿ0118 ಬಂತು ಅನ್ನಿ. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಇದೆ ಅನ್ನುವುದಷ್ಟೇ ಅದರ ಅರ್ಥ. ಸೆನ್ಸರ್ ಒಳಗೆ ತುಂಡಾಗಿದ್ದರೂ ಇದೇ ಕೋಡ್, ವೈರ್ ಕಡಿದಿದ್ದರೂ ಇದೇ, ಕಪ್ಲರ್ (ವೈರನ್ನು ಸೆನ್ಸರಿಗೆ ಸಿಕ್ಕಿಸುವ ಪ್ಲಗ್) ಸಡಿಲವಾಗಿ ಪಿನ್ ಹಸಿರುಗಟ್ಟಿದ್ದರೂ ಇದೇ. ಮೊಬೈಲಿನಲ್ಲಿ ಕೂಲೆಂಟ್ -40 ಡಿಗ್ರಿ ಅಂತ ಕಂಡರೆ ಸರ್ಕ್ಯೂಟ್ ಎಲ್ಲೋ ತೆರೆದುಕೊಂಡಿದೆ. ಇಗ್ನಿಷನ್ ಆನ್ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡದೆ, ಎರಡು ವೈರಿನ ಆ ಕಪ್ಲರನ್ನು ಕಳಚಿ, ವೈರಿಂಗ್ ಕಡೆಯ ಎರಡು ಟರ್ಮಿನಲ್ಲುಗಳನ್ನು ಸಣ್ಣ ತಂತಿಯಿಂದ ಸೇರಿಸಿ. ಅಂಕಿ 120 ಡಿಗ್ರಿಗಿಂತ ಮೇಲಕ್ಕೆ ಹಾರಿದರೆ ವೈರಿಂಗ್ ಸರಿ ಇದೆ, ತಪ್ಪು ಸೆನ್ಸರಿನದೇ. -40ರಲ್ಲೇ ನಿಂತರೆ ಹೊಸ ಸೆನ್ಸರ್ ಹಾಕಿದರೂ ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪ ಆರುವುದಿಲ್ಲ. ಮೂರು ವೈರಿನ ಸೆನ್ಸರಿಗೆ ಮಾತ್ರ ಇದನ್ನು ಮಾಡಲೇಬೇಡಿ. ಅಲ್ಲಿ 5 ವೋಲ್ಟಿನ ರೆಫರೆನ್ಸ್ ಲೈನ್ ಇರುತ್ತದೆ, ಅದನ್ನು ಶಾರ್ಟ್ ಮಾಡಿದರೆ ಅದೇ ಲೈನಿನ ಬೇರೆ ಸೆನ್ಸರುಗಳೂ ಮಲಗುತ್ತವೆ.

ಈ ರೀಡರ್ ಕೊಡುವ ದೊಡ್ಡ ಖುಷಿ ಬೆಳಗಿನ ಎರಡು ನಿಮಿಷದ್ದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂತು, ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ. ಕೂಲೆಂಟ್ ಮತ್ತು ಒಳಬರುವ ಗಾಳಿಯ ತಾಪಮಾನ ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಿದ್ದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ, ದೀಪ ಹೊತ್ತದಿದ್ದರೂ ಸರಿಯೇ. ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡ ಅಳೆಯುವಂಥದ್ದು) ಹೊರಗಿನ ವಾಯುಒತ್ತಡವನ್ನೇ ತೋರಿಸಬೇಕು, ಸಮುದ್ರಮಟ್ಟದಲ್ಲಾದರೆ ಸುಮಾರು 100 ಕಿಲೋಪಾಸ್ಕಲ್. ಆಮೇಲೆ ಸ್ಟಾರ್ಟ್ ಮಾಡಿ ಕೂಲೆಂಟಿನ ಗೆರೆ ನುಣ್ಣಗೆ ಏರುವುದನ್ನು ನೋಡುತ್ತಾ ಕೂರಬಹುದು. ನಡುವೆ ಒಂದು ಸಲ ಧಡಕ್ಕನೆ ಕುಸಿದು ಮತ್ತೆ ಎದ್ದರೆ ಕಪ್ಲರ್ ಅಲ್ಲಾಡಿಸಿ ನೋಡಿ.

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರಿನಲ್ಲಿ. ಪಿ0171 ಬಂದರೆ, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿಯಾಗಿದ್ದರೆ, ಅದನ್ನು ಸರಿಯಾಗಿ ವರದಿ ಮಾಡಿದ ಸೆನ್ಸರನ್ನೇ ಕಿತ್ತು ಹಾಕುತ್ತಾರೆ! ಮೊದಲು ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ. ಐಡ್ಲಿಂಗಿನಲ್ಲಿ +20 ಇದ್ದದ್ದು 2500 ಆರ್‌ಪಿಎಂಗೆ ಏರಿಸಿದಾಗ 5ರ ಹತ್ತಿರಕ್ಕೆ ಇಳಿದರೆ, ಎಲ್ಲೋ ವ್ಯಾಕ್ಯೂಮ್ ಹೋಸ್ ಸೀಳಿದೆ. ಲೋಡ್ ಏರಿದಷ್ಟೂ ಟ್ರಿಮ್ ಏರಿದರೆ ಕೊಳೆ ಹಿಡಿದ, ಒಳಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಅಥವಾ ಸೊರಗಿದ ಪೆಟ್ರೋಲ್ ಪಂಪ್. ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಸಿಗುವ ಕ್ಲೀನರ್ ಸ್ಪ್ರೇಯಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಒಳಗಿನ ತಂತಿಗೆ ಬಟ್ಟೆಯಾಗಲಿ ಬೆರಳಾಗಲಿ ತಾಗಬಾರದು. ಪಿ0135 ಆದರೆ ಆಕ್ಸಿಜನ್ ಸೆನ್ಸರಿನೊಳಗಿನ ಹೀಟರಿನ ಮಾತು. ಫ್ಯೂಸ್ ನೋಡಿ, ಆಮೇಲೆ ಮಲ್ಟಿಮೀಟರಿನಲ್ಲಿ ಹೀಟರ್ ಅಳೆಯಿರಿ. ಕೆಲವು ಓಮ್ ತೋರಿಸಬೇಕಾದಲ್ಲಿ ಓಪನ್ ತೋರಿಸಿದರೆ ಮಾತ್ರ ಹೊಸದು ತನ್ನಿ.

ಹೊಸದು ತರುವಾಗ ಕಾರಿನವರ ಡಬ್ಬಿಗೇ ಅಂಟಿಕೊಳ್ಳಬೇಕಿಲ್ಲ. ಆ ಸೆನ್ಸರನ್ನು ತಯಾರಿಸುವ ಕಂಪನಿಯೇ ತನ್ನ ಹೆಸರಲ್ಲೂ ಮಾರುವುದು ಸಾಮಾನ್ಯ, ಬೆಲೆಯೂ ಕಡಿಮೆ. ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಆಕ್ಸಿಜನ್ ಸೆನ್ಸರ್ ತಂದರೆ ಬೆಸುಗೆ ಹಾಕಬೇಡಿ, ಕ್ರಿಂಪ್ ಮಾಡಿ (ಲೋಹದ ತುಣುಕಿನಲ್ಲಿ ಒತ್ತಿ ಬಿಗಿಯಿರಿ): ಎಷ್ಟೋ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಹೆಚ್ಚಿನವುಗಳಿಗೆ 22 ಮಿಲಿಮೀಟರಿನ ಸೀಳು ಸಾಕೆಟ್ ಸಾಕು. ಎಂಜಿನ್ ಉಗುರುಬೆಚ್ಚಗಿರುವಾಗ ಬಿಚ್ಚಿ. ಕದಲದೆ ಹಟ ಹಿಡಿದ ಹಳೇ ಸೆನ್ಸರ್ ಕೂತಿದ್ದ ಜಾಗದ ಥ್ರೆಡ್ ಕಿತ್ತುಕೊಂಡು ಬಂದರೆ ಅದರ ರಿಪೇರಿಯೇ ಸೆನ್ಸರಿಗಿಂತ ದುಬಾರಿಯಾಗಬಹುದು.

ಇನ್ನು ರೀಡರಿನ ತೊಂದರೆಗಳು. ನಾಲ್ಕೈದು ಅಂಕಿ ಒಟ್ಟಿಗೆ ತೆರೆದರೆ ಇದು ತೆವಳುತ್ತದೆ. ಎಂಜಿನ್ ಕಡೆಯ ಮೊದಲ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಚುರುಕಾಗಿ ಓಡಾಡುತ್ತಿದ್ದರೂ ಮೊಬೈಲಿನಲ್ಲಿ ಸೋಮಾರಿಯಂತೆ ಕಾಣುತ್ತದೆ, ಒಳ್ಳೆಯ ಸೆನ್ಸರ್ ಕಸಕ್ಕೆ ಹೋಗುತ್ತದೆ. ಅದನ್ನು ನೋಡುವಾಗ ಅದೊಂದನ್ನೇ ತೆರೆಯಿರಿ. ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟ್ ಸದಾ ಬರುತ್ತಿರುತ್ತದೆ, ಆದ್ದರಿಂದ ರೀಡರನ್ನು ಅಲ್ಲೇ ಬಿಟ್ಟು ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ ಇಳಿದಿರುತ್ತದೆ. ಎಲ್ಲಕ್ಕಿಂತ ಬೇಸರದ್ದು, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ವಿಷಯ. ಕೆಲವು ಕಾರುಗಳಲ್ಲಿ ಅದನ್ನು ಬದಲಿಸಿದ ಮೇಲೆ ಎಂಜಿನ್ ಕಂಪ್ಯೂಟರಿಗೆ ಹೊಸ ಸಿಗ್ನಲ್ ಕಲಿಸಬೇಕು. ಈ ಕೆಲಸ ಇಂಥ ರೀಡರಿಂದ ಆಗದು, ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು. ಮಜೂರಿ ಮಾತಾಡುವಾಗಲೇ ಇದೂ ಸೇರಿದೆಯೇ ಎಂದು ಕೇಳಿಕೊಳ್ಳಿ.

ಆದರೂ ಅದೇ ಕ್ರ್ಯಾಂಕ್ ಸೆನ್ಸರನ್ನು ಹಿಡಿದುಕೊಡುವುದು ಈ ರೀಡರೇ. ಬಿಸಿಯಾದಾಗ ಆಫ್ ಆಗಿ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವ ಗಾಡಿ ಗ್ಯಾರೇಜ್ ತಲುಪುವಷ್ಟರಲ್ಲಿ ಸರಿಯಾಗಿರುತ್ತದೆ, ಕೋಡ್ ಕೂಡ ಇರದಿರಬಹುದು. ನಿಂತ ಜಾಗದಲ್ಲೇ ರೀಡರ್ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ಎಂದು ತೋರಿಸಿದರೆ ಮೊದಲ ಅನುಮಾನ ಅದರ ಮೇಲೆ, ಅದರ ವೈರಿಂಗ್ ಮೇಲೆ. ಆ ಸ್ಕ್ರೀನಿನ ಫೋಟೊ ಮೆಕ್ಯಾನಿಕ್ಕಿಗೆ ತೋರಿಸಿದರೆ ಹುಡುಕಾಟದ ಅರ್ಧ ಮಜೂರಿ ಅಲ್ಲೇ ಉಳಿಯುತ್ತದೆ. ಹಳೇ ಗಾಡಿ ಓಡಿಸುವವರಿಗೆ ನಾನು ಇದನ್ನು ಹೇಳುವುದು ಈ ಒಂದು ಕಾರಣಕ್ಕೆ.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ಸೆನ್ಸರ್ ಅಂಕಿಗಳು) ಬರೆದಿಟ್ಟುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ, ರೆಡಿನೆಸ್ ಮಾನಿಟರುಗಳೂ (ಗಾಡಿ ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಮೊದಲಿಂದ ಶುರುವಾಗುತ್ತವೆ. ಹೊಸ ಸೆನ್ಸರ್ ಹಾಕಿ ನಾಲ್ಕಾರು ದಿನ ಓಡಿಸಿ, ಮಾನಿಟರುಗಳು ಮುಗಿದು, ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷ) ಖಾಲಿ ಇದ್ದು, ಟ್ರಿಮ್ ಸೊನ್ನೆಯ ಆಸುಪಾಸಿಗೆ ಬರುವವರೆಗೆ ಹಳೆಯದನ್ನು ಎಸೆಯಬೇಡಿ.