ಒಂದು ಕೌದಿಗೆ ಮೂರು ಹೆಸರು: ಅಂಬ್ರಾ ಸರ್ಚ್ ಜೊತೆ ನಾಲ್ಕು ವರ್ಷ

ರಾತ್ರಿ ಪಾತ್ರೆ ತೊಳೆದಿಟ್ಟು, ಮಗಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆ ನನ್ನದು. ಹಳೇ ಲ್ಯಾಪ್‌ಟಾಪು, ಒಂದು ಲೋಟ ಕಷಾಯ, ಪಕ್ಕದಲ್ಲಿ ಇನ್ನೂರು ಪುಟದ ರಫ್ ನೋಟ್‌ಬುಕ್ಕು. ನಾಲ್ಕು ವರ್ಷದಿಂದ ಆ ಅರ್ಧ ಗಂಟೆಯ ಬಹುಪಾಲನ್ನು ಅಂಬ್ರಾ ಸರ್ಚ್ ನುಂಗಿದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಅಮೆರಿಕದ ಕಪ್ಪು ಜನರ ಚರಿತ್ರೆಗೆ ಸೇರಿದ ಫೋಟೊ, ಪತ್ರ, ಕರಪತ್ರಗಳು ಸಾವಿರಕ್ಕೂ ಹೆಚ್ಚು ಗ್ರಂಥಾಲಯ, ಪತ್ರಾಗಾರಗಳಲ್ಲಿ ಚದುರಿವೆ. ಅವುಗಳಲ್ಲಿ 8 ಲಕ್ಷಕ್ಕೂ ಹೆಚ್ಚನ್ನು ಒಂದೇ ಕಡೆ ಹುಡುಕಲು ಮಿನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದವರು ಕಟ್ಟಿದ ಜಾಲತಾಣ ಇದು. 1960ರ ದಶಕದ ನ್ಯೂಯಾರ್ಕಿನಲ್ಲಿ ಅಂಬ್ರಾ ಅಂತ ಕಪ್ಪು ಲೇಖಕರ ಗುಂಪೊಂದಿತ್ತು, ಹೆಸರು ಅಲ್ಲಿಂದ ಬಂದದ್ದು. ಬಿಟ್ಟಿ. ಯಾವ ವಿಶ್ವವಿದ್ಯಾಲಯದ ಐಡಿ ಕಾರ್ಡೂ ಇಲ್ಲದ ನನ್ನಂಥವಳಿಗೆ ಅದೇ ಅರ್ಧ ಅಂಕ.

ನಾನು ಇಲ್ಲಿಗೆ ಬಂದದ್ದು ಕೌದಿಯ ಬೆನ್ನು ಹತ್ತಿ. ನಮ್ಮದು ಹಳಿಯಾಳ. ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿ ತುಂಡು ಸೇರಿಸಿ ಹೊಲಿದ ಕೌದಿ ಹೊದ್ದು ಬೆಳೆದವಳು ನಾನು. ಅಲಬಾಮದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರೂ ಹೀಗೇ ಹರಕು ಬಟ್ಟೆಯಲ್ಲಿ ಕೌದಿ ಹೊಲಿಯುತ್ತಾರೆ ಅಂತ ಓದಿ ಹುಡುಕಲು ಕೂತೆ. ಸರ್ಕಾರದ ಕೆಲಸಕ್ಕೆ ಬಂದ ಆರ್ಥರ್ ರಾತ್‌ಸ್ಟೈನ್ 1937ರಲ್ಲಿ ಅಲ್ಲಿ ತೆಗೆದ ಫೋಟೊಗಳು ಸಿಕ್ಕವು. ಒಂದರಲ್ಲಿ ಮರದ ದಿಮ್ಮಿಯ ಗುಡಿಸಲು, ಕಿಟಕಿಯಲ್ಲಿ ಒಬ್ಬಳು ಹುಡುಗಿ. ಕಿಟಕಿಯ ಹಲಗೆಗೆ ಅಂಟಿಸಿದ ನ್ಯೂಸ್‌ಪೇಪರಿನ ಜಾಹೀರಾತಿನಲ್ಲಿ ಬಿಳಿ ಹೆಂಗಸೊಬ್ಬಳು ನಗುತ್ತಿದ್ದಾಳೆ. ಇನ್ನೊಂದರಲ್ಲಿ ಕೌದಿ ಹೊಲಿಯುವ ಹೆಂಗಸು. ಅದನ್ನು ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಅವ್ವ ಫೋನೇ ಮಾಡಿದಳು: "ಇದು ಥೇಟ್ ನಮ್ಮ ಸಿದ್ದಿ ಮಂದಿ ಕೌದಿ ಇದ್ದಂಗ ಐತಲ್ಲವಾ!"

ಇಲ್ಲಿಯವರೆಗೆ ಹೊಗಳಿಕೆ. ಈಗ ತಲೆನೋವು.

ಜೀಸ್ ಬೆಂಡ್ (Gee's Bend) ಅಂತ ಬರೆಯುವಾಗ ಇಂಗ್ಲಿಷಿನ ಆ ಮೇಲಿನ ಚುಕ್ಕೆ, ಅಂದರೆ ಅಪಾಸ್ಟ್ರಫಿ, ಹಾಕಿದರೆ ಒಂದಷ್ಟು ಸಿಗುತ್ತದೆ, ಬಿಟ್ಟರೆ ಬೇರೆಯದೇ ಒಂದಷ್ಟು. ಸಾಲದ್ದಕ್ಕೆ 1949ರಲ್ಲಿ ಊರಿನ ಹೆಸರನ್ನೇ ಬಾಯ್ಕಿನ್ ಅಂತ ಬದಲಾಯಿಸಿದ್ದಾರೆ. ಒಂದೇ ಊರನ್ನು ಮೂರು ಸಲ ಹುಡುಕಬೇಕು. ಜನರ ವಿಷಯಕ್ಕೆ ಬಂದರಂತೂ ಬೇಡ. ಗ್ರಂಥಾಲಯಗಳ ವಿಷಯಸೂಚಿಯಲ್ಲಿ ಮೊದಲು 'ನೀಗ್ರೋಸ್', ಆಮೇಲೆ 'ಆಫ್ರೋ-ಅಮೆರಿಕನ್ಸ್', ಈಗ 'ಆಫ್ರಿಕನ್ ಅಮೆರಿಕನ್ಸ್'. ಹಳೇ ಕಾರ್ಡನ್ನು ಯಾರೂ ತಿದ್ದದಿದ್ದರೆ ಆ ಬೈಗುಳದಂಥ ಮಾತನ್ನು ನಾನೇ ಟೈಪ್ ಮಾಡಬೇಕು, ಇಲ್ಲದಿದ್ದರೆ ಫೋಟೊ ಮುಖ ತೋರಿಸುವುದಿಲ್ಲ. ನೋಟ್‌ಬುಕ್ಕು ಅದಕ್ಕೇ: ಎಡಕ್ಕೆ ನನ್ನ ಮಾತು, ಬಲಕ್ಕೆ ಅವರ ಮಾತು.

ಇದು ಇಂದಿನ ರೋಗವಲ್ಲ. 1930ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಪ್ಪು ಜನರ ಪುಸ್ತಕ ಸಂಗ್ರಹದ ಹೊಣೆ ಹೊತ್ತ ಡೊರೊತಿ ಪೋರ್ಟರ್ ನೋಡಿದಾಗ, ಪುಸ್ತಕಗಳಿಗೆ ವಿಷಯಕ್ಕೊಂದು ನಂಬರು ಕೊಡುವ ಡ್ಯೂಯಿ ಪದ್ಧತಿಯವರು ಕಪ್ಪು ಲೇಖಕರ ಪುಸ್ತಕ ಏನೇ ಇರಲಿ, ವಲಸೆ-ವಸಾಹತಿನ 325ಕ್ಕೋ ಗುಲಾಮಗಿರಿಯ 326ಕ್ಕೋ ತುರುಕುತ್ತಿದ್ದರಂತೆ. ಕವನ ಸಂಕಲನವೂ ಅಲ್ಲಿಗೇ! ಆ ತಾಯಿ ಅದನ್ನು ಒಪ್ಪದೆ, ಕವಿತೆಯನ್ನು ಕವಿತೆಯ ಜೊತೆ, ಚರಿತ್ರೆಯನ್ನು ಚರಿತ್ರೆಯ ಜೊತೆ ಇಟ್ಟರು. ಹುಡುಕುವ ಜಾಲತಾಣ ಕಟ್ಟುವವರು ಬಣ್ಣ, ಬಟನ್ನು ಆರಿಸುವ ಮೊದಲು ಮಾಡಬೇಕಾದ ಕೆಲಸ ಇದೇ. ಒಂದು ಹೆಸರು ಹಾಕಿದರೆ ಉಳಿದ ಹೆಸರುಗಳೂ ತಾವಾಗಿ ಹುಡುಕಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ: ಮೂಲ ಚಿತ್ರ ಇಲ್ಲಿಲ್ಲ. ಒತ್ತಿದರೆ ಅದನ್ನಿಟ್ಟುಕೊಂಡವರ ಮನೆಗೆ ಕರೆದೊಯ್ಯುತ್ತದೆ. ಹೋದ ವರ್ಷ ಒಂದು ಸಣ್ಣ ಗ್ರಂಥಾಲಯ ತನ್ನ ತಾಣ ಬದಲಾಯಿಸಿ, ನಾನು ಕೂಡಿಟ್ಟಿದ್ದ ಹನ್ನೊಂದು ಲಿಂಕುಗಳು ಒಂದೇ ರಾತ್ರಿ ಸತ್ತವು. ಸಿಟ್ಟಿನಲ್ಲೇ ಮೇಲ್ ಬರೆದೆ. ವಾರದ ನಂತರ ಹನ್ನೊಂದಕ್ಕೂ ಹೊಸ ವಿಳಾಸ ಬಂತು, ಜೊತೆಗೆ ನಾನು ಕೇಳದ ಎರಡು ಕೌದಿ ಫೋಟೊ. ಬೈದದ್ದಕ್ಕೆ ನಾಚಿಕೆಯಾಯಿತು. ಈಗ ಲಿಂಕಿನ ಜೊತೆ ಐಟಂ ನಂಬರನ್ನೂ ಬರೆದಿಡುತ್ತೇನೆ, ನೀವೂ ಬರೆದಿಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ನಮ್ಮವರನ್ನು ಹುಡುಕಲು ಮಾತ್ರ ಇಲ್ಲಿಗೆ ಬರಬೇಡಿ, ಇದು ಅಮೆರಿಕದವರದ್ದು. ಅದಕ್ಕೆ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ, ಕಪ್ಪು ಜನರ ಚರಿತ್ರೆಯ ಗ್ರಂಥಾಲಯವಾದ ಶೊಂಬರ್ಗ್ ಸೆಂಟರಿನವರು 2013ರಲ್ಲಿ ಮಾಡಿದ, ಭಾರತದ ಆಫ್ರಿಕನ್ನರ ಕುರಿತ ಪ್ರದರ್ಶನದ ಆನ್‌ಲೈನ್ ರೂಪ ನೋಡಿ. ಅಲ್ಲೂ ನೋಟ್‌ಬುಕ್ಕು ಬೇಕು: ಸಿದ್ದಿ, ಸಿದಿ, ಶೀದಿ, ಹಬ್ಶಿ.

ಸಿದ್ದಿ ಕೌದಿಯ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೊಲಿಯುವ ತ್ರಿಕೋನಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಲೆಕ್ಕ. ಎಡಕ್ಕೆ 'ಫುಲಾ' ಅಂತ ಬರೆದು ಎರಡು ವರ್ಷವಾಯಿತು. ಬಲಗಡೆ ಇನ್ನೂ ಖಾಲಿ.